ಒಂಟಿ ಬುಗುಡಿ

ವಡೋದರಾದ ಆ ಹಳೆಯ ಬಂಗಲೆಗೆ ನಮಿತಾ ಬಂದದ್ದು ರಾಣಿ ಇಂದುಮತಿಯವರ ಮದುವೆಯ ಉಡುಗೊರೆಗಳನ್ನು ಪಟ್ಟಿ ಮಾಡಲು. ಅರವತ್ತು ವರ್ಷಗಳ ಹಿಂದೆ ನಾನಾ ರಾಜಮನೆತನಗಳವರು ಮದುಮಗಳಿಗೆ ಕೊಟ್ಟ ಒಡವೆಗಳನ್ನು ಮನೆಯವರು ಈಗ ಒಂದು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವವರಿದ್ದರು. ನಮಿತಾಳ ತಂದೆಯದು ಅಹಮದಾಬಾದಿನ ಮಣಿನಗರದಲ್ಲಿ ಉಡುಪಿ ಹೋಟೆಲ್. ಅವಳು ರತ್ನಪರೀಕ್ಷೆ ಕಲಿತದ್ದು ಸೂರತ್‌ನಲ್ಲಿ.

ಪಚ್ಚೆಯ ಹಾರ, ವಜ್ರದ ವಂಕಿ, ಏಳೆಳೆಯ ಮುತ್ತಿನ ಸರ ಒಂದೊಂದಾಗಿ ಹೊರಬಂದವು. ಎದುರಿಗೆ ಕೂತಿದ್ದ ರಾಣಿಯವರು ಯಾವುದನ್ನೂ ಮುಟ್ಟಲಿಲ್ಲ. ಕೊನೆಯ ಡಬ್ಬಿಯಲ್ಲಿ, ಕಿವಿಯ ಮೇಲಂಚಿಗೆ ಹಾಕುವ ಮುತ್ತಿನ ಬುಗುಡಿ ಒಂದೇ ಒಂದು ಇತ್ತು. ಅಂದಿನ ಗುಮಾಸ್ತರು ಹಳೆಯ ಪಟ್ಟಿಯಲ್ಲಿ ‘ಕಿವಿಯ ಒಡವೆ, ಜೋಡಿಯಲ್ಲಿ ಒಂದು ಕಳೆದಿದೆ, ಕೊಟ್ಟವರು ತಿಳಿಯದು’ ಎಂದು ಬರೆದಿದ್ದರು.

“ಇದು ಬುಗುಡಿ ಅಲ್ವಾ,” ಎಂದು ನಮಿತಾ ತನ್ನಷ್ಟಕ್ಕೆ ಅಂದಳು.

ರಾಣಿಯವರು ತಲೆಯೆತ್ತಿದರು. ಅಷ್ಟು ಹೊತ್ತೂ ಹಿಂದಿಯಲ್ಲಿ ಮಾತಾಡುತ್ತಿದ್ದವರು ಒಂದೊಂದೇ ಪದ ಹುಡುಕಿಕೊಂಡು ಕನ್ನಡದಲ್ಲಿ ಹೇಳಿದರು: “ಕಳದಿಲ್ಲ, ತಂಗಿ. ಇನ್ನೊಂದು ಕೊಟ್ಟಾಕಿ ಹತ್ರನ ಐತಿ.”

ಅವರ ತವರು ಕೃಷ್ಣಾ ದಂಡೆಯ ಒಂದು ಸಣ್ಣ ಸಂಸ್ಥಾನ. ಕೊಟ್ಟವಳು ತುಂಗಾ, ಅರಮನೆಗೆ ಹೂ ತರುವವರ ಮಗಳು, ಇವರದೇ ವಯಸ್ಸಿನ ಗೆಳತಿ. ಮದುವೆಯ ದಿಬ್ಬಣ ರೈಲು ಹತ್ತುವಾಗ ತುಂಗಾ ತನ್ನ ಕಿವಿಯದೊಂದನ್ನು ಬಿಚ್ಚಿ ಇವರ ಮುಷ್ಟಿಯಲ್ಲಿಟ್ಟಿದ್ದಳು. ತಿರುಗಿ ಬಂದಾಗ ಜೋಡಿ ಸೇರಿಸೋಣ ಅಂದಿದ್ದಳಂತೆ. ಮರುವರ್ಷವೇ ರಾಣಿಯವರ ತಂದೆ ತೀರಿಕೊಂಡರು, ಅಣ್ಣಂದಿರು ಅರಮನೆ ಮಾರಿ ಊರು ಬಿಟ್ಟರು. ಆಮೇಲೆ ರಾಣಿಯವರನ್ನು ಅಲ್ಲಿಗೆ ಕರೆದವರಿಲ್ಲ, ಇಲ್ಲಿಂದ ಕಳಿಸಿದವರೂ ಇಲ್ಲ.

ನಮಿತಾ ಬುಗುಡಿಯ ಫೋಟೋ ತೆಗೆದು, ಎರಡು ಸಾಲು ಬರೆದು, ತನ್ನ ಫೋನ್ ನಂಬರನ್ನೂ ಸೇರಿಸಿ, ಆ ಊರಿನವರ ಫೇಸ್‌ಬುಕ್ ಗುಂಪಿಗೆ ಹಾಕಿದಳು. ಮುಂದಿನ ಮೂರು ದಿನ ಅವಳು ಬಂಗಲೆಯೊಳಗೆ ಕಾಲಿಡುವ ಮೊದಲೇ ರಾಣಿಯವರು ಬಾಗಿಲಲ್ಲಿ ನಿಂತು ಫೋನ್ ಬಂತೇ ಎಂದು ಕೇಳುತ್ತಿದ್ದರು. ನಾಲ್ಕನೆಯ ದಿನ ಬಂತು. ಮಾತಾಡಿದವಳು ತುಂಗಾಳ ಮೊಮ್ಮಗಳು ಅಮೂಲ್ಯಾ. ಅಜ್ಜಿ ಹೋಗಿ ಹನ್ನೊಂದು ವರ್ಷವಾಯಿತು ಎಂದಳು. ಅಜ್ಜಿ ಸಾಯುವ ತನಕ ಒಂದೇ ಕಿವಿಗೆ ಬುಗುಡಿ ಹಾಕುತ್ತಿದ್ದಳಂತೆ. ಓಣಿಯವರು ನಗಾಡಿದರೂ ತೆಗೆಯಲಿಲ್ಲವಂತೆ.

ನಮಿತಾ ಎಲ್ಲವನ್ನೂ ರಾಣಿಯವರಿಗೆ ತಿಳಿಸಿದಳು. ಸೊಸೆ ಊಟಕ್ಕೆ ಕರೆದರೂ ಅವರು ಏಳಲಿಲ್ಲ. ಕಡೆಗೆ, “ಯಾವ ಕಿವ್ಯಾಗ ಹಾಕ್ಕೋತಿದ್ಲಂತ ಕೇಳು,” ಎಂದರು.

ನಮಿತಾ ಮತ್ತೆ ಫೋನ್ ಮಾಡಿದಳು. ಎಡಗಿವಿ.

“ಹಂಗಾರ ನನಗ ಬಲಗಿವಿ,” ಎಂದು ರಾಣಿಯವರು ಕಿವಿ ಚುಚ್ಚುವ ಸೊನಗಾರನಿಗೆ ಹೇಳಿಕಳಿಸಿದರು. ಎಂಬತ್ತರ ವಯಸ್ಸಿಗೆ ಇದೆಂಥ ಹಟವೆಂದು ಮಗ ಗೊಣಗಿದ. ಕಿವಿ ಬಾತು, ಎರಡು ದಿನ ಜ್ವರವೂ ಬಂತು.

ಉಳಿದೆಲ್ಲ ಒಡವೆಗಳು ಸಂಗ್ರಹಾಲಯಕ್ಕೆ ಹೋದವು. ನಮಿತಾ ತನ್ನ ಪಟ್ಟಿಯ ಕೊನೆಯಲ್ಲಿ ‘ಬುಗುಡಿ, ಒಂದು. ಕೊಟ್ಟವರು: ತುಂಗಾ. ರಾಣಿಯವರ ಬಳಿಯೇ ಇದೆ’ ಎಂದು ಬರೆದು ಸಹಿ ಹಾಕಿದಳು.