ಎಲ್ಲರ ಮುಂದೆ

ಹಾಲಸಿದ್ದನ ಸಮಾಧಿಯ ಮುಂದೆ ಸತ್ತ ಮೂರನೇ ದಿನದ ಎಡಿ ಇಟ್ಟು ತಾಸಾಗಿತ್ತು. ರೊಟ್ಟಿ, ಪುಂಡಿಪಲ್ಯ, ಒಂದು ಚಿಟಿಕೆ ತಂಬಾಕು. ಕಾಗೆಗಳು ಜಾಲಿಮರ ಬಿಟ್ಟು ಇಳಿಯಲೊಲ್ಲವು.

“ಸ್ವಲ್ಪ ಹಿಂದ ಸರೀರಿ. ಮಂದಿ ಹಿಂಗ ಮುತ್ತಿದ್ರ ಕಾಗಿ ಹೆಂಗ ಬರ್ತಾವ?” ಎಂದಳು ಮಗಳು ಉಜ್ವಲಾ.

“ಬಿಎಸ್ಸಿಯೊಳಗ ಕಾಗಿ ಪಾಠಾನೂ ಇತ್ತೇನ ಬೇ?” ಎಂದ ಕಾಕಾ ಮಲಕಾರಿ. ಯಾರೂ ಕದಲಲಿಲ್ಲ. ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ, ಅದಕ್ಕೆ ಮಾತು ಕೊಡುವ ತನಕ ಕಾಗೆ ಮುಟ್ಟುವುದಿಲ್ಲ ಎಂಬುದು ಅವರ ನಂಬಿಕೆ.

“ಕುರಿ ಮಾರೂದಿಲ್ಲೋ ಹಾಲಸಿದ್ದಾ!” ಗುಂಪಿನಲ್ಲೊಬ್ಬ ಕೂಗಿದ.

“ನಿನ್ನ ಮಗ ದುಂಡೇಶನ ಸಾಲಿ ಬಿಡಸೂದಿಲ್ಲೋ!”

ಉಜ್ವಲಾಳ ಕೈಯಲ್ಲಿ ಅಪ್ಪ ದುಡಿಯುತ್ತಿದ್ದ ಸಕ್ಕರೆ ಕಾರ್ಖಾನೆಯ ಅಧಿಕಾರಿ ದಾದಾಸಾಹೇಬರು ಬರೆಸಿ ತಂದ ಇಂಗ್ಲಿಷ್ ಹಾಳೆಯಿತ್ತು. ತಲೆಬರಹ: ‘ಪ್ಯಾನೆಜಿರಿಕ್’. ಎಡಿ ಮುಗಿದ ಮೇಲೆ ಅವಳೇ ಅದನ್ನು ಕನ್ನಡದಲ್ಲಿ ಹೇಳಬೇಕು. ಹೇಳಿದರೆ ಕಾರ್ಖಾನೆಯ ಲ್ಯಾಬಿನಲ್ಲಿ ಅವಳ ಕೆಲಸ ಕಾಯಂ. ಹೊಲಸು ನೀರಿನ ಟಾಕಿಯಲ್ಲಿ ಬಿದ್ದ ಜೊತೆಗಾರನನ್ನು ಉಳಿಸಲು, ಮೇಲಿನವರು ಬೇಡವೆಂದರೂ ಕೇಳದೆ ಇಳಿದು ಪ್ರಾಣ ಕೊಟ್ಟ ಧೀರ ಎಂದು ಅದರಲ್ಲಿತ್ತು.

ಬೆಳಿಗ್ಗೆ ಮೊಬೈಲಿನಲ್ಲಿ ಆ ಪದ ಹುಡುಕಿದ್ದಳು. ಭಾರಿ ಹೊಗಳಿಕೆಯ ಭಾಷಣ. ಗ್ರೀಕರ ‘ಎಲ್ಲ’ ಮತ್ತು ‘ನೆರವಿ’ ಎಂಬ ಮಾತುಗಳಿಂದ ಹುಟ್ಟಿದ್ದು. ಹಬ್ಬಕ್ಕೆ ಕೂಡಿದ ಇಡೀ ಜನರೆದುರು ಆಡುವಂಥದ್ದು. ಬರಬರುತ್ತ ಅದಕ್ಕೆ ಮುಖಸ್ತುತಿಯ ವಾಸನೆ ಹತ್ತಿತು ಎಂದೂ ಇತ್ತು. ಅವಳನ್ನು ಕಾಡಿದ್ದು ಮೂಲದ ಅರ್ಥ. ಇಲ್ಲಿ ಕೂಡಿದವರಲ್ಲಿ ಅರ್ಧ ಜನ ಅದೇ ಟಾಕಿಯ ಸುತ್ತ ದುಡಿಯುವವರು. ನಡೆದದ್ದು ಅವರಿಗೆ ಗೊತ್ತು.

“ನೀನರ ಮಾತಾಡವಾ,” ಎಂದಳು ತಾಯಿ ಸಾವಿತ್ರೆವ್ವ. “ನಿಮ್ಮಪ್ಪ ಹಸದಾನ.”

ಉಜ್ವಲಾ ಹಾಳೆ ಮಡಚಿದಳು.

“ಅಪ್ಪಾ, ಬ್ಯಾಡಂತ ನಿನಗ ಯಾರೂ ಅಂದಿಲ್ಲ. ಮ್ಯಾಲಿನವ್ರ ಇಳಿ ಅಂದ್ರು, ಇಳದಿ. ಟಾಕ್ಯಾಗಿನ ವಿಷದ ಗ್ಯಾಸ್ ನೋಡೂ ಮೀಟರ್ ಕೆಟ್ಟು ನಮ್ಮ ಲ್ಯಾಬಿನ ಕಪಾಟಿನ್ಯಾಗ ಬಿದ್ದಿತ್ತು. ದಾದಾಸಾಹೇಬ್ರಿಗೆ ನಾನ ಹೇಳಿದ್ದೆ. ನೀ ಯಾರ ಮಾತೂ ಮೀರಿಲ್ಲಪಾ.” ಆ ದಿನ ಹಗ್ಗ ಹಿಡಿದು ಟಾಕಿಯ ಬಾಯಿಗೆ ನಿಂತಿದ್ದವನತ್ತ ತಿರುಗಿದಳು. “ಭರಮು ಮಾಮಾ, ನೀ ಅಲ್ಲೇ ಇದ್ದೆಲ್ಲ. ಹೌದಂತ ಹೇಳು.”

ದಾದಾಸಾಹೇಬರು ಅವಳನ್ನು ನೋಡಲಿಲ್ಲ. ಕೆಲಸಗಾರರ ಮುಖಗಳನ್ನು ಒಂದೊಂದಾಗಿ ನೋಡಿದರು. ಭರಮು ತಲೆ ತಗ್ಗಿಸಿ ಹಿಂದೆ ಸರಿದ. ಅವನ ಬೆನ್ನಿಗೆ ಉಳಿದವರು ಸರಿದರು. ಮಲಕಾರಿಯೂ ಸರಿದ. ಸಮಾಧಿಯ ಸುತ್ತ ಜಾಗ ಬಯಲಾಯಿತು.

ಜಾಲಿಯಿಂದ ಕಾಗೆಯೊಂದು ಇಳಿದು ರೊಟ್ಟಿಯ ಚೂರು ಕಚ್ಚಿತು.

“ಮುಟ್ಟಿತು! ನಿನ್ನ ಮಾತ ಬೇಕಾಗಿತ್ತವಾ ಅವಗ!” ಸಾವಿತ್ರೆವ್ವ ಅಳುತ್ತ ಕೈಮುಗಿದಳು.

ಕಾಗೆ ಯಾಕೆ ಇಳಿಯಿತೆಂದು ಉಜ್ವಲಾಗೆ ಗೊತ್ತಿತ್ತು. ತಾಯಿಗೆ ಹೇಳಲಿಲ್ಲ.