ಒಂದೇ ಕೈಯ ನೇಯ್ಗೆ

ಸುಣ್ಣ ಬೇಡ ಎಂದವನು ಮೈದುನ ಜಯದೇವಪ್ಪನೇ. ಅಷ್ಟು ಹೊತ್ತಿಗೆ ಅರ್ಧ ಗೋಡೆ ಬಳಿದಾಗಿತ್ತು. ಕೊಟ್ರಮ್ಮ ಕುಂಚವನ್ನು ಗಡಿಗೆಯೊಳಗೇ ಬಿಟ್ಟು ಏಣಿಯಿಂದ ಇಳಿದಳು. ಪ್ಲೇಗಿನ ವರ್ಷ ಸರ್ಕಾರದವರು ಸಾವಾದ ಮನೆಗಳನ್ನೆಲ್ಲ ಹುಡುಕಿ ಹುಡುಕಿ ಸುಣ್ಣ ಹೊಡೆಸಿದ್ದರು. ಅಂದಿನಿಂದ ಮೊಳಕಾಲ್ಮೂರಿನಲ್ಲಿ ಬೆಳ್ಳಗಿನ ಗೋಡೆ ಕಂಡರೆ ಜನ ಆ ಓಣಿಯನ್ನೇ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದರು. ಅಂಥದರಲ್ಲಿ ಕೊಳ್ಳುವವರು ಬರುತ್ತಾರೆಂದು ಸುಣ್ಣ ಹೊಡೆಯುವವರುಂಟೆ? ಬಳಿದದ್ದನ್ನು ತೊಳೆದು ಕೆಮ್ಮಣ್ಣು ಸಾರಿಸಿದ್ದಾಯಿತು. ಅಡುಗೆಮನೆಯ ತೊಲೆಗಳಿಗೆ ಮಸಿ ಹಿಡಿಯಲೆಂದು ಎರಡು ದಿನ ಹಸಿ ಕಟ್ಟಿಗೆ ಉರಿಸಿದ್ದಾಯಿತು. ಮಾರುವ ಮನೆಯನ್ನು ಹೊಸದು ಮಾಡುವುದನ್ನು ಎಲ್ಲರೂ ಕಂಡಿದ್ದಾರೆ, ಕಷ್ಟಪಟ್ಟು ಹಳೆಯದು ಮಾಡಿದ್ದು ಇದೊಂದೇ ಇರಬೇಕು.

ಮನೆ ಅಣ್ಣತಮ್ಮಂದಿರಿಬ್ಬರದು. ಅಣ್ಣ ಬೊಮ್ಮಲಿಂಗಪ್ಪ, ಕೊಟ್ರಮ್ಮನ ಗಂಡ, ಪ್ಲೇಗಿನಲ್ಲಿ ಹೋಗಿ ವರ್ಷದ ಮೇಲಾಗಿತ್ತು. ತಮ್ಮ ಜಯದೇವಪ್ಪನಿಗೆ ಚಳ್ಳಕೆರೆಯಲ್ಲಿ ನೂಲಿನ ಅಂಗಡಿ. ಮನೆ ಮಾರಿಬಿಡುವುದು, ಮಕ್ಕಳಿಲ್ಲದ ಕೊಟ್ರಮ್ಮ ಗೌರಸಮುದ್ರದ ತವರಿಗೆ ಹೋಗುವುದು ಎಂದು ಹಿರಿಯರು ಕೂತು ತೀರ್ಮಾನಿಸಿದಾಗ ಅವಳು ಹೂಂ ಎಂದಳು. ಆ ವರ್ಷವೆಲ್ಲ ಅವಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ಉಣ್ಣು ಎಂದರೆ ಹೂಂ, ಮಲಗು ಎಂದರೆ ಹೂಂ. ಗಂಡ ಸತ್ತಾಗಲೂ ಅಳು ಬಂದಿರಲಿಲ್ಲ. ಅತ್ತರೆ ಹಗುರಾಗುತ್ತದೆ ಎಂದು ಪಕ್ಕದ ಮನೆಯ ರಂಗಕ್ಕ ತಾನೇ ಎದುರಿಗೆ ಕೂತು ಅತ್ತು ತೋರಿಸಿ ಸೋತಿದ್ದಳು.

ಮನೆ ನೋಡಲು ಮೊದಲು ಬಂದ ಇಬ್ಬರೂ ಪಡಸಾಲೆಯ ಮಗ್ಗದ ಮುಂದೆ ನಿಂತು, ಇದು ಯಾಕೆ ನಿಂತಿದೆ ಎಂದು ಕೇಳಿ, ಕೊಟ್ಟ ನೀರನ್ನೂ ಕುಡಿಯದೆ ಹೋಗಿದ್ದರು. ಸಾವಿಗೆ ಅವರು ಹೆದರಿದ್ದಲ್ಲ. ಆ ವರ್ಷ ಸಾವಿಲ್ಲದ ಮನೆ ಯಾವುದಿತ್ತು? ಯಜಮಾನನ ಹಿಂದೆಯೇ ಕಸುಬೂ ನಿಂತುಹೋದ ಮನೆ ಎಂದರೆ ಅವರಿಗೆ ಅಂಜಿಕೆ.

ಮಗ್ಗದ ಮೇಲೆ ಅರ್ಧ ಸೀರೆಯಿತ್ತು. ಬೊಮ್ಮಲಿಂಗಪ್ಪ ತನ್ನ ಸ್ವಂತ ರೇಷ್ಮೆ ತಂದು ಹಾಸು ಹೂಡಿದ ಮೊದಲ ಸೀರೆ ಅದು. ತೊಡೆಸಂದಿಯಲ್ಲಿ ನೋವು ಎಂದು ಒಂದು ಮಧ್ಯಾಹ್ನ ಮಗ್ಗದ ಕುಣಿಯಿಂದ ಎದ್ದವನು ಮತ್ತೆ ಇಳಿಯಲಿಲ್ಲ. ಅವನು ಕೊನೆಯದಾಗಿ ಲಾಳಿ ಎಸೆದ ಎಳೆ ಹಾಗೇ ಇತ್ತು, ಅದರಾಚೆಗೆ ನೇಯದ ಹಾಸಿನ ಉದ್ದೆಳೆಗಳು ಮಾತ್ರ. ಕೊಟ್ರಮ್ಮ ಅದಕ್ಕೆ ಪಂಚೆ ಹೊದಿಸಿ, ದಿನವೂ ತೆಗೆದು, ಇಲಿ ಮುಟ್ಟಿಲ್ಲ, ಧೂಳು ಕೂತಿಲ್ಲ ಎಂದು ನೋಡಿ, ಮತ್ತೆ ಹೊದಿಸುತ್ತಿದ್ದಳು. ಮನೆ ಹೋಗುವ ದಿನ ಆ ಎಳೆಯವರೆಗೆ ಕತ್ತರಿಸಿ ತವರಿಗೆ ಒಯ್ಯಬೇಕು ಎಂದುಕೊಂಡಿದ್ದಳು. ಆ ಮನೆಯಲ್ಲಿ ಅವಳಿಗೆ ಬೇಕಾದದ್ದು ಅದೊಂದೇ. ಅದನ್ನು ಯಾರಿಗೂ ಹೇಳಿರಲಿಲ್ಲ.

ಈ ಸಲ ಬರುವವನು ಚಳ್ಳಕೆರೆಯ ಜಂಬುಲಿಂಗಪ್ಪ. ಈ ಮನೆಯಲ್ಲಿ ನಾಲ್ಕು ಮಗ್ಗ ಹೂಡಿ ರೇಷ್ಮೆ ವ್ಯಾಪಾರ ಮಾಡುವ ಉಮೇದಿನವನು.

"ಹೆಂಡ್ತಿನೂ ಕರ್ಕಂಡು ಬರ್ತಾನಂತೆ ಅತ್ಗೆ," ಎಂದ ಜಯದೇವಪ್ಪ. "ಅವ್ರು ಬಾಗ್ಲಿಗೆ ಬರೋ ಹೊತ್ಗೆ ಮಗ್ಗದ ಸದ್ದು ಕೇಳ್ಬೇಕು. ಆಳು ಕರೆಸಿದೀನಿ."

ಕೊಟ್ರಮ್ಮ ಹೂಂ ಎಂದಳು.

ಮರುದಿನ ಬೆಳಿಗ್ಗೆ ರಾಯದುರ್ಗದ ಕಡೆಯ ನೇಕಾರ ಚಿನ್ನಯ್ಯ ಬಂದ. ನಡುವಯಸ್ಸಿನ ಮನುಷ್ಯ, ಮಾತಿನ ತುಂಬ ತೆಲುಗಿನ ರಾಗ. ಮಗ್ಗಕ್ಕೆ ಕೈಮುಗಿದು ಪಂಚೆ ಸರಿಸಿದವನು ಬಟ್ಟೆಯನ್ನು ಬೆರಳ ಸಂದಿಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದ. ಆಮೇಲೆ ಕುಣಿಗೆ ಇಳಿಯದೆ ಕೊಟ್ರಮ್ಮನ ಕಡೆ ತಿರುಗಿದ.

"ಅಮ್ಮಾ, ಹೋದೋರ ಮಗ್ಗಕ್ಕೆ ಇಳಿಯೋವಾಗ ನಮ್ಮ ಕಡೆ ಒಂದು ಬೆರಳಗಲ ಖಾಲಿ ಬಿಟ್ಟು ಸುರು ಮಾಡ್ತೀವಿ. ಬಿಡ್ಲಾ?"

ಖಾಲಿ ಬಿಟ್ಟರೆ ಮಗ್ಗ ನಿಂತಿತ್ತು ಎಂದು ಕುರುಡರಿಗೂ ತಿಳಿಯುತ್ತದೆ, ಸೇರಿಸಿಯೇ ನೇಯಿ ಎಂದು ಜಯದೇವಪ್ಪ ಗದರಿದ. ಚಿನ್ನಯ್ಯ ಅವನ ಕಡೆ ನೋಡಲೇ ಇಲ್ಲ. ಅವನು ಕೇಳಿದ್ದು ಕೊಟ್ರಮ್ಮನನ್ನು, ಕಾದದ್ದೂ ಅವಳಿಗಾಗಿ. ಅವಳು ಹೂಂ ಎಂದಿದ್ದರೆ ಸಾಕಿತ್ತು. ವರ್ಷವೆಲ್ಲ ಕಂಡಕಂಡದ್ದಕ್ಕೆ ಅಂದ ಆ ಮಾತು ಅದೊಂದು ಸಲ ಬಾಯಿಗೆ ಬರಲಿಲ್ಲ. ಯಾರದೋ ಮನೆಯ, ಯಾರದೋ ಬಟ್ಟೆಯ ವಿಷಯ ಎಂಬಂತೆ ಅವಳು ದೂರದಲ್ಲಿ ನಿಂತಿದ್ದಳು.

"ಅವ್ರು ಹೇಳ್ದಂಗೆ ಮಾಡಪ್ಪ," ಎಂದು ಒಳಗೆ ಹೋದಳು.

ಹೊತ್ತು ನೆತ್ತಿಗೆ ಬಂದಾಗ ಗಾಡಿ ಬಂತು. ಬಾಗಿಲಲ್ಲಿ ವಿಧವೆ ಎದುರಾಗಬಾರದೆಂದು ಕುಂಕುಮದ ಬಟ್ಟಲು ಹಿಡಿದು ನಿಲ್ಲುವ ಕೆಲಸ ರಂಗಕ್ಕನದು. ಆ ಮನೆಯ ಸೊಸೆಯೇ ತಾನೆಂಬಂತೆ ಅವಳು ಹೊಸ ಬಳೆ ತೊಟ್ಟು ಬಂದಿದ್ದಳು. ಕೊಟ್ರಮ್ಮ ಅಡುಗೆಮನೆಯ ಹೊಗೆಯಲ್ಲಿ ಕೂತು ಕೇಳುತ್ತಿದ್ದಳು. ಲಾಳಿ ಸರಿದಾಡುವ ಸದ್ದು, ಹಿಂದೆಯೇ ಹಲಗೆಯ ಏಟು, ಮತ್ತೆ ಲಾಳಿ. ಈ ಹೊತ್ತಿಗೆ ಗಂಡನಿಗೆ ಬಾಯಾರಿಕೆಯಾಗುತ್ತಿತ್ತು. ಅವಳ ಕೈ ತಾನಾಗಿಯೇ ಚೊಂಬಿಗೆ ನೀರು ತುಂಬಿತು. ತುಂಬಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅದನ್ನು ಹಂಡೆಗೆ ವಾಪಸು ಸುರಿದಳು.

ಜಂಬುಲಿಂಗಪ್ಪ ತೊಲೆ ಎಣಿಸಿದ, ಬಾವಿ ಇಣುಕಿದ, ಮಾಳಿಗೆ ಹತ್ತಿ ಕಾಲಿನಿಂದ ತುಳಿದು ನೋಡಿದ. ಅವನ ಹೆಂಡತಿ ಅನ್ನಪೂರ್ಣಮ್ಮ ಮಾತ್ರ ಮಗ್ಗದ ಹತ್ತಿರ ಬಂದವಳು ಅಲ್ಲಿಂದ ಕದಲಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದ ಹೆಂಗಸು. ಬಟ್ಟೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಸವರಿ, ಬೆಳಕಿಗೆ ಹಿಡಿದು, ಗಂಡನನ್ನು ಕೂಗಿದಳು.

"ಇಲ್ಲಿ ನೋಡ್ರಿ. ಸುರುವಿನಿಂದ ಇಲ್ಲಿ ಮಟ ಒಂದೇ ಕೈ. ಈ ಮನೆ ಒಂದಿನಾನೂ ನಿಂತಿಲ್ಲ."

ಅಷ್ಟಕ್ಕೆ ಮಾತು ಮುಗಿಯಿತು. ವೀಳ್ಯ ಬದಲಾಯಿಸಿಕೊಂಡರು. ಮಗ್ಗವೂ ಮನೆಯ ಜೊತೆಗೇ ಎಂದಾಯಿತು. ಜಯದೇವಪ್ಪ ನಗುನಗುತ್ತ ಅವರನ್ನು ಗಾಡಿಗೆ ಹತ್ತಿಸಲು ಹೋದ, ರಂಗಕ್ಕ ಗಾಡಿ ನೋಡಲು ಹೋದಳು.

ಕೊಟ್ರಮ್ಮ ಕತ್ತರಿ ತೆಗೆದುಕೊಂಡು ಪಡಸಾಲೆಗೆ ಬಂದಳು. ಮಗ್ಗದ ಪಕ್ಕ ಕೂತು ಬಟ್ಟೆಯ ಮೇಲೆ ಕೈಯಿಟ್ಟಳು. ಇನ್ನೂ ಕುಣಿಯಲ್ಲೇ ಇದ್ದ ಚಿನ್ನಯ್ಯ ಬೆಳಗಿನಿಂದ ಒಂದು ಗೇಣು ನೇಯ್ದಿರಬೇಕು, ಹೆಚ್ಚೂ ಇರಬಹುದು. ಎಲ್ಲ ಒಂದೇ ಬಣ್ಣ, ಒಂದೇ ಬಿಗಿ. ಬೆರಳಿನಿಂದ ತಡವಿದಳು, ಉಗುರಿನಿಂದ ತಡವಿದಳು, ಮುಖ ತೀರ ಹತ್ತಿರ ತಂದು ನೋಡಿದಳು. ವರ್ಷವಿಡೀ ನೋಡಿದ ಎಳೆ ಎಲ್ಲಿಯೂ ಇರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಗಂಡ ಸತ್ತ ದಿನವೂ ಅಷ್ಟು ಹೆದರಿಕೆಯಾಗಿರಲಿಲ್ಲ. ಕತ್ತರಿಯನ್ನು ಕೆಳಗಿಟ್ಟಳು.

"ನೀ ನೇಯ್ದಿದ್ದು ಬಿಚ್ಚಪ್ಪ," ಎಂದಳು.

ಚಿನ್ನಯ್ಯ ಲಾಳಿಯನ್ನು ಹಿಂದಕ್ಕೆ ಸರಿಸಿ ಒಂದು ಎಳೆ ಬಿಡಿಸಿದ, ಇನ್ನೊಂದು ಬಿಡಿಸಿದ. ಹತ್ತಿಪ್ಪತ್ತು ಎಳೆಯಾದ ಮೇಲೆ ಅವನ ಕೈ ನಿಧಾನವಾಯಿತು. ಬಟ್ಟೆಯ ಮೇಲೆ ಬಾಗಿ ಬಹಳ ಹೊತ್ತು ನೋಡಿದ. ತಲೆಯೆತ್ತಿದಾಗ ತಪ್ಪು ಮಾಡಿದವನ ಮುಖ ಅವನದು.

"ಬಿಚ್ತೀನಮ್ಮಾ. ನಾ ಸುರು ಮಾಡಿದ್ದೆಲ್ಲಿ ಅಂತ ನಂಗೂ ಕಾಣ್ತಿಲ್ಲ. ಎಲ್ಲಿಗೆ ನಿಲ್ಲಿಸ್ಲಿ, ಅಲ್ಲಿ ನೀವೇ ಬೆರಳಿಡ್ರಿ."

ಕೊಟ್ರಮ್ಮ ಬೆರಳಿಟ್ಟಳು. ಅಲ್ಲವೆನಿಸಿ ತುಸು ಕೆಳಗೆ ಸರಿಸಿದಳು. ಮತ್ತೆ ತುಸು ಮೇಲೆ. ಚಿನ್ನಯ್ಯ ಎಳೆಯ ತುದಿ ಹಿಡಿದುಕೊಂಡು ಕಾಯುತ್ತಿದ್ದ.