ನಿಮ್ಮದು ಯಾವ ಚರ್ಚು

ಮೈಕಿನ ಮುಂದಿನ ಮುದುಕ ಇನ್ನೂ ಸ್ವಾತಂತ್ರ್ಯ ಸ್ವಾತಂತ್ರ್ಯ ಎನ್ನುತ್ತಲೇ ಇದ್ದಾನೆ, ಕೊರೀನ್‌ಗೆ ಅವನ ದವಡೆ ಆಡುವುದಷ್ಟೇ ಕಾಣುತ್ತದೆ, ಮಾತು ಕಿವಿಗಿಳಿಯುತ್ತಿಲ್ಲ — ಬೆಳಗ್ಗೆ ಐದಕ್ಕೆ ವ್ಯಾನ್ ಹತ್ತಿದ್ದು, ಹಿಮ ಬಿದ್ದ ರಸ್ತೆ, ಈಗ ಮಸೂದೆಯ ಮೇಲೆ ಜನರ ಮಾತು ಕೇಳುವ ಶಾಸನಸಭೆಯ ಈ ಮರದ ಬೆಂಚು, ಸೊಂಟ ಸೋತು ಹೋಗಿದೆ, ಇವನಾದ ಮೇಲೆ ಅವಳ ಸರದಿ. ಒಂದು ಪಕ್ಕ ಹದಿನಾಲ್ಕರ ಮಗಳು ಟ್ಯಾಬಿತಾ, ಇನ್ನೊಂದು ಪಕ್ಕ ಮಾರ್ಲಿಸ್, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ತಾಯಂದಿರ ಗುಂಪಿನ ಯಜಮಾನಿ, ಮೊಣಕೈಯಲ್ಲಿ ತಿವಿಯುತ್ತಾಳೆ, ನಂಬಿಕೆ ಅಂತ ಮೂರು ಸಲನಾದ್ರೂ ಅನ್ನೇ, ಮರೀಬೇಡ. ನಂಬಿಕೆ. ಧಾರ್ಮಿಕ ನಂಬಿಕೆಯಿಂದಾಗಿ ಲಸಿಕೆ ಬೇಡ ಎಂಬ ಫಾರಂನ ಸಾಲಿನ ಕೆಳಗೆ ಪ್ರತಿ ವರ್ಷ ರುಜು ಹಾಕಿದ ಕೈ ಇದು, ಆ ಸಾಲನ್ನೇ ಅಳಿಸುತ್ತದಂತೆ ಹೊಸ ಮಸೂದೆ, ಮನೆಯಲ್ಲಿ ಓದುವವರೂ ಶಾಲೆಯ ಆಟಕ್ಕೆ, ಬ್ಯಾಂಡಿಗೆ ಸೇರಬೇಕಾದರೆ ಲಸಿಕೆ ಹಾಕಿಸಿಕೊಂಡಿರಬೇಕಂತೆ, ಟ್ಯಾಬಿತಾ ಕ್ಲಾರಿನೆಟ್ ನುಡಿಸಲು ಬ್ಯಾಂಡಿಗೆ ಆಯ್ಕೆಯಾಗಿ ಇನ್ನೂ ಎಂಟು ದಿನವಾಗಿಲ್ಲ. ಅವಳು ವರ್ಷದ ಕೂಸು ಆಗ, ಲಸಿಕೆಯಾದ ಮುಂದಿನ ವಾರ ಮಧ್ಯಾಹ್ನ ಜ್ವರ ಏರಿ ಮೈ ಸೆಟೆದುಕೊಂಡಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು, ಮನೆಯಲ್ಲಿ ಯಾರೂ ಇಲ್ಲ — ಜ್ವರಕ್ಕೆ ಬಂದ ಫಿಟ್ಸು ಕಣಮ್ಮ, ಮಗೂಗೇನೂ ಆಗಲ್ಲ, ಅಂದರು ಡಾಕ್ಟರು, ಏನೂ ಆಗಲೂ ಇಲ್ಲ, ಅದು ಗೊತ್ತು, ಗೊತ್ತಿದ್ದೂ ಲಸಿಕೆಗೆಂದು ಮತ್ತೆ ಆ ಬಾಗಿಲು ತುಳಿಯಲಿಲ್ಲ, ಆಗ ಆ ಫಾರಂ ತಂದುಕೊಟ್ಟವಳು ಮಾರ್ಲಿಸ್, ಜೊತೆಗೆ ಒಂದು ಪಾತ್ರೆ ಸೂಪು, ಅವಳ ಒಳ್ಳೆಯತನವೂ ಸುಳ್ಳಲ್ಲ. ಮೊನ್ನೆ ಟ್ಯಾಬಿತಾ ಕೇಳಿದಳು, ದೇವರು ಬೇಡ ಅಂದಿದ್ದು ಯಾವಾಗಮ್ಮ, ನಾವು ಚರ್ಚಿಗೇ ಹೋಗಲ್ವಲ್ಲ, ಕೊರೀನ್ ಕೇಳಿಸದವಳಂತೆ ನಲ್ಲಿ ತಿರುಗಿಸಿದಳು.

ಹೆಸರು ಕೂಗಿದರು. ಮಾರ್ಲಿಸ್ ಬರೆದುಕೊಟ್ಟ ಹಾಳೆ, ನಮ್ಮ ಆಳವಾದ ನಂಬಿಕೆ, ಮೊದಲ ಸಾಲು ಓದಿದಳು, ಸಮಿತಿಯ ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ, ನಿಮ್ಮದು ಯಾವ ಚರ್ಚಮ್ಮ, ಬೈಯುವ ದನಿಯಲ್ಲ, ಸುಮ್ಮನೆ ಕೇಳಿದ್ದು, ಉತ್ತರಕ್ಕೆ ಹುಡುಕಿದರೆ ಒಳಗೆ ಬರೀ ಸುಸ್ತು, ಹದಿಮೂರು ವರ್ಷದ ಸುಸ್ತು — ಯಾವ್ದೂ ಇಲ್ಲ ಮೇಡಂ, ನಂಗೆ ಹೆದರಿಕೆ ಆಗಿತ್ತು, ಅಷ್ಟೇ. ಹಿಂದೆ ಯಾರೋ ಲೊಚಗುಟ್ಟಿದರು, ಇವ್ಳು ಯಾರ ಕಡೆಯೋಳು. ಯಾರ ಕಡೆಯೂ ಅಲ್ಲ ಎನ್ನಬೇಕು, ಹೆದರಿದವರನ್ನ ಬೈಬೇಡಿ, ಕೂರಿಸ್ಕೊಂಡು ಮಾತಾಡಿ ಎನ್ನಬೇಕು, ಅಷ್ಟರಲ್ಲಿ ಸಮಯ ಮುಗಿಯಿತೆಂದು ಕೆಂಪು ದೀಪ ಹತ್ತಿತು. ತಿರುಗಿದರೆ ಮಾರ್ಲಿಸ್ ಕೋಟು ಎತ್ತಿಕೊಂಡು ಬಾಗಿಲ ಕಡೆ ನಡೆದಿದ್ದಾಳೆ, ಕರೆಯಬೇಕು, ಬೆಂಚಿನಲ್ಲಿ ಟ್ಯಾಬಿತಾ ಒಬ್ಬಳೇ, ಮುಖ ಎತ್ತಿಲ್ಲ, ಮಡಿಲಲ್ಲಿ ಅವಳ ಬೆರಳುಗಳು, ಇಲ್ಲದ ಕ್ಲಾರಿನೆಟ್ಟಿನ ತೂತು ಮುಚ್ಚುತ್ತವೆ, ತೆರೆಯುತ್ತವೆ, ಮುಚ್ಚುತ್ತವೆ, ಆ ಬೆರಳುಗಳು, ತೆರೆಯುತ್ತವೆ, ಆ ಬೆರಳುಗಳು